ತಕ್ಕಡಿಗೆ ವರ್ಷಾ ಸೀಲು, ಅಯ್ನೋರಿಗೆ?

ಮೊನ್ನೆ ಕೊಟ್ಟೂರು ಬಸ್ ನಿಲ್ದಾಣದಲ್ಲಿ ಬಳ್ಳಾರಿ ಕಡೆ ಹೋಗುವ ಬಸ್ಸಿಗೆ ಕಾದು ಕಾದು ಸಾಕಾಗಿತ್ತು. ಬಂದ ಬಸ್ಸು ಹರಪನಹಳ್ಳಿಯಲ್ಲೇ ಹೊಟ್ಟೆ ತುಂಬಿಸಿಕೊಂಡು ಬಂದಿತ್ತು. 2023ರಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ಗಂಡಸರಿಗೆ ಸೀಟು ಸಿಗುವುದೆಂದರೆ ಲಾಟರಿ ಹೊಡೆದ ಹಾಗೆ. ಹೇಗೋ ಹಿಂದಿನ ಸೀಟಿನಲ್ಲಿ ಅರ್ಧ ಕುಂಡಿ ಊರಿ ಕೂತೆ.

ನನ್ನ ಎಡಕ್ಕೆ ನಮ್ಮೂರ ಕಿರಾಣಿ ಸಾವುಕಾರರು. ತೊಡೆಯ ಮೇಲೆ ಅಂಗಡಿಯ ಕರೆಂಟು ತಕ್ಕಡಿಯನ್ನು ಕೂಸಿನ ಹಾಗೆ ಹಿಡಿದುಕೊಂಡಿದ್ದರು. ಕೂಡ್ಲಿಗಿಯಲ್ಲಿ ಸೀಲು ಹಾಕಿಸಬೇಕಂತೆ. ಅವರ ಆಚೆ ಒಬ್ಬ ಫಾದರ್, ಕ್ರೈಸ್ತ ಗುರುಗಳು. ತಲೆಯೆಲ್ಲ ಬೆಳ್ಳಗೆ. ಕೈಯಲ್ಲಿ ಒಂದು ಬಟ್ಟೆಚೀಲ, ಅದರ ತುಂಬ ಪುಸ್ತಕ, ನೋಟುಬುಕ್ಕು.

"ಎಲ್ಲಿಗೆ ಹೊಂಟೀರಿ ಫಾದರ್?" ಸಾವುಕಾರರು ಕೇಳಿದರು.

"ಬಳ್ಳಾರಿಗೆ. ನಾಕು ದಿನ ಕ್ಲಾಸು ಐತಿ."

"ಪಾಠ ಹೇಳಾಕ?"

"ಅಲ್ಲ ಸಾವ್ಕಾರ್ರೆ, ಕೇಳಾಕ."

ಸಾವುಕಾರರು ನಕ್ಕುಬಿಟ್ಟರು. "ತಲಿ ಬೆಳ್ಳಗಾದ ಮ್ಯಾಲೂ ಸಾಲಿಯೇನ್ರಿ? ಓದಿ ಮುಗಿಸಿದ ಮ್ಯಾಲೆ ಅಲ್ಲೇನು ನಿಮ್ಮನ್ನ ಫಾದರ್ ಮಾಡಿದ್ದು?"

ಫಾದರ್ ತಕ್ಕಡಿ ಕಡೆ ಕೈ ತೋರಿಸಿದರು. "ಇದನ್ನ ಕೊಂಡಾಗ ಸೀಲು ಹಾಕಿಸಿದ್ರೋ ಇಲ್ಲೋ? ಮತ್ತ್ಯಾಕ ಒಯ್ಲಿಕ್ಕತ್ತೀರಿ?"

"ವರ್ಷಾ ಹಾಕಿಸಬೇಕಲ್ರಿ. ಇಲ್ಲಂದ್ರ ದಂಡ."

"ನಂದೂ ಅಷ್ಟ ನೋಡ್ರಿ."

ಕೂಡ್ಲಿಗಿ ಬಂತು, ಸಾವುಕಾರರು ತಕ್ಕಡಿ ಎತ್ತಿಕೊಂಡು ಇಳಿದರು. ನಾನು ಮಾತ್ರ ಆ ಮಾತನ್ನು ಇಳಿಸಲಾಗದೆ ಮನೆತನಕ ಹೊತ್ತುಕೊಂಡು ಬಂದೆ.

* * *

ಯೋಚನೆ ಮಾಡಿ ಸ್ವಾಮಿ. ಇವತ್ತು ಕಲಿತದ್ದರಲ್ಲೇ ಬದುಕುತ್ತೇನೆ ಎನ್ನುವವನು ಯಾರಿದ್ದಾನೆ? 2017ರಲ್ಲಿ ಜಿಎಸ್‌ಟಿ ಬಂತು, ಎಸ್ಸೆಸ್ಸೆಲ್ಸಿ ಫೇಲಾದ ಅಂಗಡಿಯವನೂ ಲೆಕ್ಕ ಕಲಿತ. ಹರಿದ ನೋಟು ಬಿಟ್ಟು ಬೇರೇನೂ ನೋಡದಿದ್ದ ತರಕಾರಿ ಅಜ್ಜಿ ಫೋನ್‌ಪೇ ಡಬ್ಬಿ ಇಟ್ಟುಕೊಂಡಳು. ಕಂಡಕ್ಟರು ಟಿಕೆಟ್ ಮಿಷನ್ನು ಕಲಿತ. ಮೇಷ್ಟ್ರಿಗೆ ತರಬೇತಿ, ನರ್ಸಮ್ಮನಿಗೆ ತರಬೇತಿ, ಅಂಗನವಾಡಿ ಟೀಚರಿಗೆ ತರಬೇತಿ. ಡ್ರೈವರನ ಲೈಸೆನ್ಸು ಕೂಡ ನವೀಕರಣ ಆಗಲೇಬೇಕು.

ಹುಟ್ಟಿದಾಗ ಹೆಸರಿಡುವವರು, ಮದುವೆಯಲ್ಲಿ ಅಕ್ಷತೆ ಹಾಕಿಸುವವರು, ಸತ್ತಾಗ ಮಣ್ಣು ಮಾಡಿಸುವವರು ಮಾತ್ರ ಯಾವ ಕಾಲಕ್ಕೂ ಏನನ್ನೂ ಹೊಸದಾಗಿ ಕಲಿಯಬೇಕಿಲ್ಲ ಅಂತ ನಾವು ನೀವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಅಯ್ನೋರ ಮಗ ಅಯ್ನೋರು, ಪೂಜಾರಿ ಮಗ ಪೂಜಾರಿ. ಅಪ್ಪ ಹೇಳಿಕೊಟ್ಟಷ್ಟು ಮಂತ್ರ, ಅಜ್ಜ ಹೇಳಿಕೊಟ್ಟಷ್ಟು ಪಂಚಾಂಗ. ಮುಗೀತು.

ಕ್ಯಾಥೊಲಿಕ್ಕರು ಇದರಲ್ಲಿ ಏನು ಮಾಡಿದ್ದಾರೆ ಅಂತ ಸ್ವಲ್ಪ ನೋಡೋಣ. ಅವರ ಧರ್ಮ ನಮಗೆ ಬೇಕಾಗಿಲ್ಲ, ಬೇಡವೂ ಆಗಿಲ್ಲ. ಅವರ ವ್ಯವಸ್ಥೆ ನೋಡಲಿಕ್ಕೆ ಏನು ಅಡ್ಡಿ?

ಮೊದಲಿಗೆ ಓದು. ಹುಡುಗ ಕಾಲೇಜು ಮುಗಿಸಿ ಸೆಮಿನರಿ ಸೇರಿದರೆ ತತ್ವಶಾಸ್ತ್ರ, ದೇವಶಾಸ್ತ್ರ, ನಡುವೆ ಊರೂರಲ್ಲಿ ಉಮೇದುವಾರಿ ಎಲ್ಲ ಸೇರಿ ಏಳೆಂಟು ವರ್ಷ ಹಿಡಿಯುತ್ತದೆ. ಇಂಥ ಶಾಲೆ ಬೇಕು ಅಂತ ಅವರ ಟ್ರೆಂಟ್ ಮಹಾಸಭೆ 1563ರಲ್ಲೇ ಕಟ್ಟಳೆ ಮಾಡಿತು. ಮಂಗಳೂರಿನ ಜೆಪ್ಪುವಿನ ಸೆಮಿನರಿ ಶುರುವಾದದ್ದು 1879ರಲ್ಲಿ. ಬೆಂಗಳೂರಿನ ಮಲ್ಲೇಶ್ವರದಲ್ಲೂ ಒಂದು ದೊಡ್ಡ ಸೆಮಿನರಿ ಇದೆ. ನಮ್ಮ ಕಡೆಯ ಫಾದರುಗಳು ಬಳ್ಳಾರಿ ಧರ್ಮಪ್ರಾಂತ್ಯದವರು. ಅದು ಧರ್ಮಪ್ರಾಂತ್ಯವಾದದ್ದು 1949ರಲ್ಲಿ. 2021ರಲ್ಲಿ ನಮ್ಮ ಜಿಲ್ಲೆ ವಿಜಯನಗರ ಅಂತ ಬೇರೆಯಾದರೂ ಅವರ ಬಿಷಪ್ಪರ ಊರು ಬಳ್ಳಾರಿಯೇ.

ನಾನೂರು ವರ್ಷ ಈ ಓದಿನಲ್ಲೇ ಕಾಲ ಹಾಕಿದರು. ಆಮೇಲೆ ಬಂತು ನೋಡಿ ಪೇಚು. 1962ರಿಂದ 1965ರವರೆಗೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು. ಅಲ್ಲಿಯತನಕ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ. ಫಾದರ್ ಜನರಿಗೆ ಬೆನ್ನು ಹಾಕಿ ನಿಂತು ಹೇಳುತ್ತಿದ್ದರು, ಜನ ಜಪಸರ ಎಣಿಸುತ್ತಿದ್ದರು. ಮಹಾಸಭೆ ಜನರ ಭಾಷೆಗೆ ಬಾಗಿಲು ತೆಗೆಯಿತು. ಪೂಜೆ ಕನ್ನಡಕ್ಕೂ ಬಂತು, ಫಾದರ್ ಜನರ ಕಡೆ ಮುಖ ಮಾಡಿ ನಿಂತರು. ಬೇರೆ ಧರ್ಮದವರನ್ನು ಗೌರವದಿಂದ ಕಾಣಿರಿ ಅಂತಲೂ ಸಭೆ ಹೇಳಿತು. ಒಳ್ಳೆಯದೇ. ಆದರೆ ಆಗ ಐವತ್ತು ದಾಟಿದ ಫಾದರ್ ಏನು ಮಾಡಬೇಕು? ಅವರು ಓದಿದ್ದೆಲ್ಲ ಹಳೆಯದು. ಅವರನ್ನು ಮತ್ತೆ ಸೆಮಿನರಿಗೆ ಕಳಿಸಲಿಕ್ಕೆ ಆಗುತ್ತದೆಯೇ?

ಅದಕ್ಕೇ ಅದೇ ಮಹಾಸಭೆ 1965ರಲ್ಲಿ, ಗುರುಗಳ ತರಬೇತಿ ಸೆಮಿನರಿ ಬಾಗಿಲಿಗೆ ಮುಗಿಯಬಾರದು, ಆಮೇಲೂ ನಡೆಯಬೇಕು ಅಂತ ಬರೆಯಿತು. ಹೊಸದನ್ನು ಹೇಳಿಕೊಡಲಿಕ್ಕೆ ನಮ್ಮ ದೇಶದಲ್ಲೂ 1967ರಲ್ಲಿ ಬೆಂಗಳೂರಿನಲ್ಲಿ ಒಂದು ರಾಷ್ಟ್ರೀಯ ಕೇಂದ್ರ ತೆರೆದರು. 1983ರ ಅವರ ಧರ್ಮಸಂಹಿತೆಯ 279ನೇ ಕಲಮು ಇದನ್ನೇ ಕಾನೂನು ಮಾಡಿತು: ದೀಕ್ಷೆ ಆದ ಮೇಲೂ ಓದಬೇಕು, ಉಪನ್ಯಾಸಗಳಿಗೆ ಹೋಗಬೇಕು, ಧರ್ಮ ಬಿಟ್ಟು ಬೇರೆ ವಿದ್ಯೆಯೂ ಕಲಿಯಬೇಕು. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಒಂದು ದೊಡ್ಡ ಪತ್ರ ಬರೆದು ಇದಕ್ಕೆ ನಾಲ್ಕು ಕಂಬ ನಿಲ್ಲಿಸಿದರು. ಮನುಷ್ಯನಾಗಿ ಬೆಳೆಯುವುದು, ಭಕ್ತಿಯಲ್ಲಿ ಬೆಳೆಯುವುದು, ಬುದ್ಧಿಯಲ್ಲಿ ಬೆಳೆಯುವುದು, ಜನಸೇವೆಯಲ್ಲಿ ಬೆಳೆಯುವುದು. ಮೊದಲನೆಯದೇ ಮನುಷ್ಯತ್ವ, ಗಮನಿಸಿ. 2016ರಲ್ಲಿ ಹೊಸ ನಿಯಮಾವಳಿ ಬಂತು. ಅದರ ಪ್ರಕಾರ ಸೆಮಿನರಿಯ ಓದು ಬರೀ ಆರಂಭ, ಉಳಿದದ್ದು ಸಾಯುವತನಕ.

* * *

ಹಾಗಂತ ಅವರಲ್ಲಿ ಎಲ್ಲ ಸರಿ ಇದೆ ಅಂತ ನಾನು ಸರ್ಟಿಫಿಕೇಟು ಕೊಡುತ್ತಿಲ್ಲ. ಸೀಲು ಹಾಕಿಸಿದ ತಕ್ಕಡಿಯಲ್ಲೂ ಬೆರಳೊತ್ತಿ ತೂಗುವವರು ಇರುತ್ತಾರೆ. ಇಷ್ಟೆಲ್ಲ ಓದಿದ ಗುರುಗಳಿಂದಲೇ ಎಷ್ಟೋ ದೇಶಗಳಲ್ಲಿ ಮಕ್ಕಳ ಮೇಲೆ ದೌರ್ಜನ್ಯ ನಡೆದು, ಅದನ್ನು ದೊಡ್ಡವರೇ ಮುಚ್ಚಿಟ್ಟು, ಕೊನೆಗೆ 2019ರಲ್ಲಿ ಪೋಪ್ ಫ್ರಾನ್ಸಿಸ್ ಅಂಥದ್ದು ಗೊತ್ತಾದರೆ ಮೇಲಿನವರಿಗೆ ತಿಳಿಸಲೇಬೇಕು ಅಂತ ಕಾನೂನು ತರಬೇಕಾಯಿತು. ನಾಲ್ಕು ದಿನದ ಕ್ಲಾಸನ್ನು ನಾಲ್ಕು ದಿನದ ರಜೆ ಅಂತ ತಿಳಿದು ಉಂಡು ಮಲಗಿ ಬರುವವರು ಯಾವ ಇಲಾಖೆಯಲ್ಲಿ ಇಲ್ಲ? ಅವರಲ್ಲೂ ಇರುತ್ತಾರೆ.

ಬಸ್ಸಿನ ಫಾದರಿಗೆ ನಾನು ಇದನ್ನೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಕ್ಲಾಸಿಗೆ ಹೋದಾವ್ರೆಲ್ಲ ಕಲೀತಾರಂತ ಹೇಳಾಂಗಿಲ್ರಿ. ಆದ್ರ ಹೋಗಬೇಕು ಅನ್ನೋ ನಿಯಮ ಐತಲ್ಲ, ಅದರಿಂದ ನನಗ ಎಲ್ಲ ಗೊತ್ತೈತಿ ಅನ್ನೋ ಸೊಕ್ಕು ಇಳೀತದ" ಅಂದರು. ಅವರು ಹುಟ್ಟಾ ಕರಾವಳಿಯವರು, ಮನೆಮಾತು ಕೊಂಕಣಿ. ಈ ಕಡೆ ಬಂದ ಹೊಸದರಲ್ಲಿ ಅವರ ಪುಸ್ತಕದ ಕನ್ನಡ ನಮ್ಮ ಹೆಣ್ಣುಮಕ್ಕಳಿಗೆ ತಿಳಿಯುತ್ತಿರಲಿಲ್ಲ, ನಮ್ಮವರ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ಒಬ್ಬ ಮುದುಕಿ ಬಂದು "ಜೀವಕ್ಕ ನೆಟ್ಟಗಿಲ್ಲ" ಅಂದರೆ ಯಾರ ಜೀವಕ್ಕೆ ಏನಾಯಿತು ಅಂತ ಗಾಬರಿ ಬಿದ್ದರಂತೆ. ಅದನ್ನೂ ಕಲಿತರು. ಈಗ ಅವರ ಬಾಯಲ್ಲಿ "ಐತಿ" ನನಗಿಂತ ಚೆನ್ನಾಗಿ ಹೊರಳುತ್ತದೆ.

* * *

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ.

ಇದೆಲ್ಲ ಪರದೇಶದ ಪದ್ಧತಿ, ನಮಗ್ಯಾಕೆ ಅನ್ನುವವರು ಸ್ವಲ್ಪ ತಾಳಿ. ಬಾದಾಮಿ ಹತ್ತಿರ ಮಲಪ್ರಭಾ ದಂಡೆಯ ಮೇಲೆ ಶಿವಯೋಗ ಮಂದಿರ ನೋಡಿದ್ದೀರಾ? ಹಾನಗಲ್ಲ ಕುಮಾರ ಸ್ವಾಮಿಗಳು ಅದನ್ನು ಕಟ್ಟಿದ್ದು 1909ರಲ್ಲಿ. ಯಾಕೆ ಕಟ್ಟಿದರು? ಮಠದ ಗಾದಿಗೆ ಕೂಡುವ ವಟುಗಳಿಗೆ ಓದಿಲ್ಲ, ಸಂಸ್ಕಾರ ಇಲ್ಲ, ಹೀಗಾದರೆ ಮಠಗಳು ಉಳಿಯುವುದಿಲ್ಲ ಎಂಬ ಚಿಂತೆಯಿಂದ. ಅಲ್ಲಿ ಸಂಸ್ಕೃತ, ಕನ್ನಡ, ಯೋಗ, ಸಂಗೀತ ಎಲ್ಲ ಕಲಿಸಿದರು. ಗೋಶಾಲೆ ನಡೆಸಿದರು, ವಿಭೂತಿ ಮಾಡುವುದನ್ನೂ ಒಂದು ವಿದ್ಯೆ ಮಾಡಿದರು. ನೂರು ವರ್ಷದ ಹಿಂದೆ ನಮ್ಮವರೊಬ್ಬರು ಕಂಡ ದಾರಿ ಅದು.

ಇನ್ನೂ ಹಿಂದೆ ಹೋಗಿ. ಹನ್ನೆರಡನೇ ಶತಮಾನದ ಕಲ್ಯಾಣದ ಶರಣರು ದೊಡ್ಡವರು ಚಿಕ್ಕವರು ಅನ್ನದೆ ಕೂತು ಒಬ್ಬರನ್ನೊಬ್ಬರು ಪ್ರಶ್ನೆ ಮಾಡಿದ್ದು ಇನ್ನೇನು? ಹಡಗಲಿ ತಾಲೂಕಿನ ಮೈಲಾರಕ್ಕೇ ಬನ್ನಿ. ಕಾರ್ಣಿಕ ನುಡಿಯುವ ಗೊರವಯ್ಯ ಹೋದ ವರ್ಷ ನುಡಿದಿದ್ದೇನೆ ಅಂತ ಈ ವರ್ಷ ಸುಮ್ಮನೆ ಬಿಲ್ಲು ಏರುವುದಿಲ್ಲ. ಪ್ರತಿ ವರ್ಷ ಉಪವಾಸ, ವ್ರತ ಹಿಡಿದು, ಮೈಮನಸ್ಸು ಹದ ಮಾಡಿಕೊಂಡೇ ಏರುತ್ತಾನೆ. ಫಾದರುಗಳು ವರ್ಷಕ್ಕೊಮ್ಮೆ ಮೌನದಲ್ಲಿ ಧ್ಯಾನಕ್ಕೆ ಕೂಡುವುದು ಅಂದರೆ ಹೆಚ್ಚು ಕಡಿಮೆ ಅದೇ. ಅಂದಮೇಲೆ ಬೀಜ ನಮ್ಮ ಹೊಲದಲ್ಲೂ ಇದೆ. ನೀರು ಹಾಕುವವರು ಇಲ್ಲ.

ಕೊಟ್ಟೂರಿನ ಪಕ್ಕದಲ್ಲೇ ಉಜ್ಜಿನಿ ಪೀಠವಿದೆ, ಪಂಚಪೀಠಗಳಲ್ಲಿ ಒಂದು. ಹರಪನಹಳ್ಳಿಯಲ್ಲಿ, ಹಡಗಲಿಯಲ್ಲಿ, ಹಗರಿಬೊಮ್ಮನಹಳ್ಳಿಯಲ್ಲಿ ಮಠಗಳಿಗೆ ಕೊರತೆಯಿಲ್ಲ. ಶಾಲೆ ಕಾಲೇಜು ನಡೆಸುವ ಮಠಗಳೂ ಇವೆ. ಸಾವಿರಾರು ಮಕ್ಕಳಿಗೆ ಓದು ಕೊಟ್ಟ ಪುಣ್ಯ ಅವಕ್ಕೆ ಸಲ್ಲಬೇಕು. ಹಳ್ಳಿ ಹಳ್ಳಿಯಲ್ಲಿ ಮದುವೆ ಮಾಡಿಸುವ ಅಯ್ನೋರಿಗೆ, ಗುಡಿ ಪೂಜಾರಿಗೆ ವರ್ಷಕ್ಕೆ ಎರಡು ದಿನದ ಪಾಠ ಹೇಳುವ ಪುಣ್ಯ ಮಾತ್ರ ಯಾಕೆ ಉಳಿದುಕೊಂಡಿತು?

ಮುಜರಾಯಿ ಇಲಾಖೆಗೆ ಆಗಮ ಪರೀಕ್ಷೆಗಳಿವೆ. ಪ್ರವರ, ಪ್ರವೀಣ, ವಿದ್ವತ್ ಅಂತ ಮೂರು ಮೆಟ್ಟಿಲು. ಒಳ್ಳೆಯದು. ಅವು ದೇವರಿಗೆ ಪೂಜೆ ಹೇಗೆ ಮಾಡಬೇಕು ಅನ್ನುವುದಕ್ಕೆ. ಭಕ್ತನಿಗೆ ಕಷ್ಟ ಬಂದಾಗ ಏನು ಹೇಳಬೇಕು ಅನ್ನುವುದಕ್ಕೆ ಮೆಟ್ಟಿಲು ಎಲ್ಲಿದೆ?

* * *

ಇದು ಯಾಕೆ ಮುಖ್ಯ ಅಂತ ಕೇಳುತ್ತೀರಾ? ನಾನೇ ಕಂಡದ್ದು ಹೇಳುತ್ತೇನೆ. ಊರು, ಹೆಸರು ಬೇಡ.

ಕೆಲ ವರ್ಷದ ಹಿಂದೆ ಒಂದು ಹಳ್ಳಿಗೆ ಮದುವೆಗೆ ಹೋಗಿದ್ದೆ. ಹಂದರದಲ್ಲಿ ಕೂತ ಹುಡುಗಿಯ ಮುಖ ನೋಡಿದರೆ ಹೈಸ್ಕೂಲಿನ ಮುಖ. ಪಕ್ಕದಲ್ಲಿದ್ದವರನ್ನು ಕೇಳಿದೆ, "ಒಂಬತ್ನೇತ್ತ ಬಿಡಿಸ್ಯಾರ" ಅಂದರು. ಅಕ್ಷತೆ ಕೈಗೆ ಬರುವ ಹೊತ್ತಿಗೆ ಜೀಪು ಬಂತು. ಇಲಾಖೆಯವರು, ಪೊಲೀಸರು. ಹಂದರದಲ್ಲಿ ಗದ್ದಲ. ಹುಡುಗಿಯ ಅಪ್ಪ ಒಂದು ಕಡೆ ಅಳುತ್ತಿದ್ದ, ಬೀಗರು ಒಂದು ಕಡೆ ಬೈಯುತ್ತಿದ್ದರು. ಅಧಿಕಾರಿ ಅಯ್ನೋರನ್ನು ಕರೆದು ಹೆಸರು ಬರೆದುಕೊಳ್ಳಲು ನಿಂತಾಗ ಆ ಮುದುಕ ಗಡಗಡ ನಡುಗಿದರು. "ನನಗೇನು ಗೊತ್ತ್ರಿ ಸಾಹೇಬ್ರ? ಮೂರ್ತ ನೋಡಾದು, ಅಕ್ಷತಿ ಹಾಕಿಸಾದು ನನ್ನ ಕೆಲಸ. ವಯಸ್ಸು ನೋಡಾದು ನನ್ನ ಕೆಲಸೇನ್ರಿ?"

ಹೌದು ಅಯ್ನೋರೇ, ನಿಮ್ಮ ಕೆಲಸವೇ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹುಡುಗಿಗೆ 18, ಹುಡುಗನಿಗೆ 21 ಅನ್ನುತ್ತದೆ. ಅಂಥ ಮದುವೆ ಮಾಡಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ವಯಸ್ಸು ತುಂಬಿದೆ ಅಂತ ನಂಬಲಿಕ್ಕೆ ಕಾರಣ ಇತ್ತು ಎಂದು ತೋರಿಸಿದರೆ ಮಾತ್ರ ಪಾರು. ಅಂದರೆ ಮುಹೂರ್ತ ಇಡುವ ಮೊದಲು "ಮಾರ್ಕ್ಸ್ ಕಾರ್ಡು ತರ್ರಿ, ಆಮ್ಯಾಲೆ ಪಂಚಾಂಗ ಬಿಚ್ಚುತೀನಿ" ಅಂದಿದ್ದರೆ ಆ ಅಯ್ನೋರೂ ಉಳಿಯುತ್ತಿದ್ದರು, ಆ ಹುಡುಗಿ ಹಂದರದ ತನಕ ಬರುತ್ತಲೇ ಇರಲಿಲ್ಲ. ಈ ಒಂದು ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಅಪ್ಪನ ಕಾಲದಲ್ಲಿ ಆ ಕಾಯ್ದೆ ಇರಲಿಲ್ಲ.

ಇನ್ನೊಂದು ನೋವಿನ ವಿಚಾರ. ಮುತ್ತು ಕಟ್ಟುವುದು. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1982ರ ಕಾಯ್ದೆ ಹೆತ್ತವರಿಗೆ ಐದು ವರ್ಷದವರೆಗೆ, ಆ ಕಾರ್ಯ ಮಾಡಿಸಿದವರಿಗೆ ಮೂರು ವರ್ಷದವರೆಗೆ ಶಿಕ್ಷೆ ಅಂತ ಬರೆದಿತ್ತು. ಆದರೂ 1993-94 ಮತ್ತು 2007-08ರ ಎರಡು ಸಮೀಕ್ಷೆ ಸೇರಿ ರಾಜ್ಯದಲ್ಲಿ 46,660 ಮಾಜಿ ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. 2025ರಲ್ಲಿ ವಿಧಾನಮಂಡಲ ಹೊಸ ಮಸೂದೆಯನ್ನೇ ಒಪ್ಪಬೇಕಾಯಿತು. ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆ ಬಂತೆಂದರೆ ಅಧಿಕಾರಿಗಳು ಕಾವಲು ಕಾಯುತ್ತಾರೆ. ಗುಡ್ಡಕ್ಕೆ ಎಷ್ಟು ಕಾವಲು ಹಾಕಿದರೂ ಮನೆಯೊಳಗೆ, ಸಣ್ಣ ಗುಡಿಯೊಳಗೆ ಕಾವಲು ಹಾಕಲಾದೀತೇ? ಅಲ್ಲಿ ಕಾಯಬೇಕಾದವನು ಪೂಜಾರಿ. "ತಾಯಿ ಇದನ್ನ ಬೇಡಿಲ್ಲವ್ವ, ಮಗಳನ್ನ ಸಾಲಿಗೆ ಕಳಿಸು" ಅಂತ ಅವನು ಒಂದು ಮಾತು ಹೇಳಿದರೆ, ಅದರ ತೂಕ ಹತ್ತು ಭಾಷಣಕ್ಕೆ ಬರುವುದಿಲ್ಲ. ನಮ್ಮ ಜನ ಸರ್ಕಾರದ ಬೋರ್ಡು ಓದುವುದಿಲ್ಲ, ಪೂಜಾರಿ ಮಾತು ಕೇಳುತ್ತಾರೆ.

ಸಾಲಕ್ಕೆ ಬೇಸತ್ತ ರೈತ ಕೊನೆಗೆ ಹೋಗುವುದು ಎಲ್ಲಿಗೆ? ಗುಡಿಗೆ, ಇಲ್ಲವೇ ಮಠಕ್ಕೆ. ಅಲ್ಲಿ ಕೂತವರಿಗೆ ಅವನ ಮುಖ ಓದಲು ಬರಬೇಕು. ಯಂತ್ರ ಕಟ್ಟಿ ಕಳಿಸಬೇಕೋ, ಕೈ ಹಿಡಿದು ದೊಡ್ಡಾಸ್ಪತ್ರೆಯ ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕೋ ಅನ್ನುವುದು ಗೊತ್ತಿರಬೇಕು. ಇದೂ ಕಲಿಯುವ ವಿದ್ಯೆಯೇ.

* * *

ಬೈಯುವುದು ಸುಲಭ. ಅವರ ಹೊಟ್ಟೆಯನ್ನೂ ನೋಡಿ. ರಾಜ್ಯದಲ್ಲಿ ಸುಮಾರು 34 ಸಾವಿರ 'ಸಿ' ದರ್ಜೆಯ ಮುಜರಾಯಿ ಗುಡಿಗಳಿವೆ. ಅವುಗಳ ತಸ್ತೀಕು 2022ರಲ್ಲಿ ವರ್ಷಕ್ಕೆ 48 ಸಾವಿರದಿಂದ 60 ಸಾವಿರಕ್ಕೆ ಏರಿತು. ತಿಂಗಳಿಗೆ ಬಿದ್ದದ್ದು ಐದು ಸಾವಿರ. ಆಮೇಲೆ ಏರಿದ್ದನ್ನು ಸೇರಿಸಿದರೂ ಅದರಲ್ಲೇ ಎಣ್ಣೆ, ಬತ್ತಿ, ನೈವೇದ್ಯ, ಸಂಸಾರ. ಮುಜರಾಯಿಗೆ ಸೇರದ ಗುಡಿಯ ಪೂಜಾರಿಗೆ ಅದೂ ಇಲ್ಲ. ಅವನು ಬಸ್ ಚಾರ್ಜು ಕೊಟ್ಟು ಕ್ಲಾಸಿಗೆ ಹೋಗು ಅಂದರೆ ಹೇಗೆ ಹೋದಾನು?

ನಾವು ಭಕ್ತರು ಏನು ಕಡಿಮೆ? ಮದುವೆಗೆ ಡಿಜೆಗೆ ಮೂವತ್ತು ಸಾವಿರ ಎಣಿಸುತ್ತೇವೆ, ಅಯ್ನೋರ ದಕ್ಷಿಣೆಗೆ ಬಂದಾಗ ಚಿಲ್ಲರೆ ಹುಡುಕುತ್ತೇವೆ. ಬೇಗ ಮುಗಿಸ್ರಿ ಅಯ್ನೋರೇ, ಊಟಕ್ಕೆ ಹೊತ್ತಾತು ಅನ್ನುತ್ತೇವೆ. ಮುಹೂರ್ತ ಬಿಟ್ಟು ಇನ್ನೇನನ್ನೂ ನಾವು ಅವರನ್ನು ಕೇಳುವುದಿಲ್ಲ. ಗಿರಾಕಿ ಕೇಳದ ಮಾಲನ್ನು ಯಾವ ಅಂಗಡಿಯವನು ತರಿಸಿಡುತ್ತಾನೆ?

ಅದಕ್ಕೇ ಈ ಅಂಕಣಕಾರನದು ಒಂದು ಸಣ್ಣ ಸೂಚನೆ. ಆಷಾಢದಲ್ಲಿ ಮದುವೆ ಇಲ್ಲ, ಅಯ್ನೋರಿಗೂ ಬಿಡುವು. ಆಗ ಐದೂ ತಾಲೂಕಿನಲ್ಲಿ ತಲಾ ಎರಡು ದಿನದ ಪಾಠ ಇಡಿ. ಜಾಗ ಮಠದ್ದೋ ದೊಡ್ಡ ಗುಡಿಯದ್ದೋ ಆಗಲಿ. ಒಬ್ಬ ಹಿರಿಯ ಶಾಸ್ತ್ರಿಗಳು ಮಂತ್ರದ ಅರ್ಥ ಹೇಳಲಿ. ಎಷ್ಟೋ ಜನ ಹೇಳುವ ಮಂತ್ರದ ಅರ್ಥ ಅವರಿಗೇ ಗೊತ್ತಿಲ್ಲ, ಇದು ಸುಳ್ಳೇ? ಶಿಶು ಅಭಿವೃದ್ಧಿ ಇಲಾಖೆಯವರು ಮದುವೆ ವಯಸ್ಸಿನ ಕಾಯ್ದೆ, 1098ರ ಫೋನು ತಿಳಿಸಲಿ. ಡಾಕ್ಟರು ಮನಸ್ಸಿನ ಕಾಯಿಲೆ ವಿಚಾರ ಹೇಳಲಿ. ಹುಂಡಿ ತುಂಬುವ ಗುಡಿಗಳು ಬಂದವರಿಗೆ ಬಸ್ ಚಾರ್ಜು, ಊಟ, ಎರಡು ದಿನದ ಕೂಲಿ ಕೊಡಲಿ. ದೊಡ್ಡ ಗುಡಿಗಳ ವರಮಾನದ ಪಾಲು ಬಡ ಗುಡಿಗಳಿಗೆ ಸಹಾಯವಾಗಬೇಕು ಎಂಬ ಮಾತು 1997ರ ಮುಜರಾಯಿ ಕಾಯ್ದೆಯಲ್ಲೇ ಇದೆ. ಮಸೀದಿಯ ಹಜರತ್ತರು, ಚರ್ಚಿನ ಪಾಸ್ಟರುಗಳು ಬಂದರೆ ಅವರಿಗೂ ಒಂದು ಚಾಪೆ ಹಾಸಿ. ಹುಡುಗಿಗೆ ಹದಿನೆಂಟು ಅನ್ನುವುದನ್ನು ಎಲ್ಲರೂ ಒಂದೇ ಕಡೆ ಕೂತು ಕೇಳಬಹುದು.

"ದೇವರ ಕೆಲಸದಾಗ ಸರ್ಕಾರ ಯಾಕ ಕೈ ಹಾಕಬೇಕು?" ಅನ್ನುವವರಿದ್ದಾರೆ. ಬೇಡವೇ ಬೇಡ. ಆ ಫಾದರಿಗೆ ಕ್ಲಾಸು ಇಟ್ಟದ್ದು ಸರ್ಕಾರವಲ್ಲ, ಅವರ ಬಿಷಪ್ಪರು. ನಮ್ಮ ಪೀಠಗಳು, ಮಠಗಳು ತಾವೇ ಮುಂದೆ ಬಂದರೆ ತಹಸೀಲ್ದಾರರಿಗೆ ಅಲ್ಲಿ ಅತಿಥಿಯ ಕುರ್ಚಿ ಸಾಕು. "ಅಪ್ಪನಿಂದ ಕಲಿತದ್ದು ಸಾಲದೇನು?" ಅನ್ನುವವರಿಗೂ ಒಂದು ಮಾತು. ಅಪ್ಪ ಕೊಟ್ಟ ತಕ್ಕಡಿ ಇದು, ಸೀಲು ಬೇಡ ಅಂದರೆ ಇನ್ಸ್‌ಪೆಕ್ಟರು ಬಿಡುತ್ತಾನೆಯೇ?

ಅಂಗಡಿಯವರು, ಬಸ್ಸಿನಲ್ಲಿ ಓಡಾಡುವವರು ಮಾಡಬಹುದಾದ್ದೂ ಇದೆ. ಬಟ್ಟೆ ಅಂಗಡಿ, ಲಗ್ನಪತ್ರಿಕೆ ಪ್ರೆಸ್ಸು, ಹಂದರದವರು ಮೊದಲು ಒಂದು ಮಾತು ಕೇಳಿ: ಹುಡುಗಿಗೆ ಎಷ್ಟಾತು? ನಿಮ್ಮ ಮನೆಯ ಅಯ್ನೋರು ಮುಂದಿನ ಸಲ ಬಂದಾಗ ಚಹಾ ಕೊಟ್ಟು ಕೂಡಿಸಿ, ಈ ಪತ್ರಿಕೆ ಕೈಗೆ ಕೊಡಿ. ಸಿಟ್ಟು ಮಾಡಿಕೊಂಡರೆ ನನ್ನ ಹೆಸರು ಹೇಳಿ.

ಸಾವುಕಾರರ ತಕ್ಕಡಿಗೆ ಅವತ್ತೇ ಸೀಲು ಬಿತ್ತಂತೆ. ಸಂಜೆ ಅಂಗಡಿಗೆ ಹೋದಾಗ ತೋರಿಸಿದರು. ಆಷಾಢ ಪ್ರತಿ ವರ್ಷ ಬರುತ್ತದೆ. ಈ ಸಲವಾದರೂ ಐದು ತಾಲೂಕಿನ ಮಠಾಧೀಶರು, ಗುಡಿ ಕಮಿಟಿಯವರು ಎರಡು ದಿನ ಎತ್ತಿಡುವರೇ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?